ಫುಕೆಟ್, ಕ್ರಾಬಿ, ಸಮುಯಿ: ಮೊದಲು ತಿಂಗಳು ಹೇಳಿ, ದ್ವೀಪ ಆಮೇಲೆ

ಥಾಯ್ಲೆಂಡ್‌ಗೆ ಹೊರಟವರು ಯಾರೇ ಸಲಹೆ ಕೇಳಲಿ, ಹೋಟೆಲ್, ಪ್ಯಾಕೇಜ್, ದರ ಇದೆಲ್ಲ ನನಗೆ ಆಮೇಲಿನ ಮಾತು. ಯಾವ ತಿಂಗಳು ಹೋಗುತ್ತೀರಿ? ಅದು ಗೊತ್ತಿಲ್ಲದೆ ಫುಕೆಟ್ ಒಳ್ಳೆಯದೋ ಸಮುಯಿ ಒಳ್ಳೆಯದೋ ಅಂತ ಹೇಳಲು ಆಗುವುದೇ ಇಲ್ಲ. ನಾವು ಈ ಮೂರೂ ಕಡೆ ಬೇರೆ ಬೇರೆ ವರ್ಷ, ಬೇರೆ ಬೇರೆ ಕಾಲದಲ್ಲಿ ಹೋಗಿ ಬಂದಿದ್ದೇವೆ. ಅಮ್ಮ ಶುದ್ಧ ಸಸ್ಯಾಹಾರಿ, ಜೊತೆಗೆ ಮೊಣಕಾಲು ನೋವು. ಮಗಳಿಗೆ ನೀರು ಕಂಡರೆ ಸಾಕು. ನನಗೂ ನಮ್ಮ ಯಜಮಾನರಿಗೂ ಗದ್ದಲ ಆಗಿಬರುವುದಿಲ್ಲ. ಹಾಗಾಗಿ ಪಾರ್ಟಿ, ಪಬ್ ಹುಡುಕುವವರಿಗೆ ನನ್ನ ಹೋಲಿಕೆ ಉಪಯೋಗಕ್ಕೆ ಬರಲಿಕ್ಕಿಲ್ಲ. ಮನೆಮಂದಿ ಎಲ್ಲ ಸೇರಿ ಹೊರಡುವವರಿಗೆ ಖಂಡಿತ ಬರುತ್ತದೆ.

ಥಾಯ್ಲೆಂಡ್‌ನ ದಕ್ಷಿಣ ಭಾಗ ಕೆಳಗೆ ಇಳಿದ ಒಂದು ಕಿರಿದಾದ ಪಟ್ಟಿ. ಅದರ ಪಶ್ಚಿಮಕ್ಕೆ ಅಂಡಮಾನ್ ಸಮುದ್ರ. ಫುಕೆಟ್, ಕ್ರಾಬಿ, ಫಿ ಫಿ ಎಲ್ಲ ಆ ಕಡೆ. ಪೂರ್ವಕ್ಕೆ ಥಾಯ್ಲೆಂಡ್ ಕೊಲ್ಲಿ. ಸಮುಯಿ, ಫಂಗಾನ್, ಟಾವ್ ದ್ವೀಪಗಳು ಅಲ್ಲಿ. ಎರಡೂ ಕಡೆಗೆ ಮಳೆ ಒಂದೇ ಸಮಯಕ್ಕೆ ಬರುವುದಿಲ್ಲ, ಯೋಜನೆಯ ಗುಟ್ಟೆಲ್ಲ ಇಲ್ಲೇ ಇದೆ. ನಮ್ಮ ಕರಾವಳಿಗೆ ಮಳೆ ಸುರಿಸುವ ಅದೇ ನೈಋತ್ಯ ಮುಂಗಾರು ಅಲ್ಲಿ ಪಶ್ಚಿಮದ ದಡಕ್ಕೂ ಬಡಿಯುತ್ತದೆ, ಸುಮಾರು ಮೇ ಮಧ್ಯದಿಂದ ಅಕ್ಟೋಬರ್ ತನಕ. ನಡುವೆ ಬೆಟ್ಟಗಳ ಸಾಲು ಅಡ್ಡ ಇರುವುದರಿಂದ ಆಗ ಸಮುಯಿಗೆ ಅಷ್ಟು ಮಳೆ ಇಲ್ಲ. ಅದರ ಸರದಿ ಅಕ್ಟೋಬರ್‌ನಿಂದ ಡಿಸೆಂಬರ್, ಈಶಾನ್ಯ ಗಾಳಿಯ ಜೊತೆ. ಹೆಚ್ಚು ಕಡಿಮೆ ಚೆನ್ನೈಗೆ ಮಳೆ ಬರುವ ಹೊತ್ತು. ನವೆಂಬರ್‌ನಲ್ಲಿ ಅಲ್ಲಿ ಸುರಿಯುವುದು ಜಾಸ್ತಿ.

ಈಗ ನಮ್ಮ ಮಕ್ಕಳ ಶಾಲೆಯ ರಜೆಗೆ ಇದನ್ನು ಹೊಂದಿಸಿ ನೋಡಿ. ಕ್ರಿಸ್‌ಮಸ್ ರಜೆ ಆದರೆ ಕಣ್ಣು ಮುಚ್ಚಿ ಫುಕೆಟ್ ಅಥವಾ ಕ್ರಾಬಿ. ಏಪ್ರಿಲ್‌ನಲ್ಲಿ ಎರಡೂ ಕಡೆ ಸಮುದ್ರ ಶಾಂತ, ಆದರೆ ಬಿಸಿಲು ವಿಪರೀತ. 13ರಿಂದ 15ರವರೆಗೆ ಸಾಂಗ್‌ಕ್ರಾನ್, ಅಂದರೆ ಅವರ ಹೊಸ ವರ್ಷ. ಬೀದಿಯಲ್ಲಿ ಕಂಡವರ ಮೇಲೆಲ್ಲ ನೀರು ಎರಚುತ್ತಾರೆ, ಮಕ್ಕಳಿಗೆ ಹಬ್ಬವೋ ಹಬ್ಬ. ಮೇ ಕೊನೆ ಆದರೆ ಸಮುಯಿ. ಕಷ್ಟ ಇರುವುದು ದಸರಾ ರಜೆಯಲ್ಲಿ, ಪಶ್ಚಿಮದ ಮಳೆ ಇನ್ನೂ ಮುಗಿದಿರುವುದಿಲ್ಲ, ಪೂರ್ವದ್ದು ಶುರುವಾಗುತ್ತಿರುತ್ತದೆ. ಅಕ್ಟೋಬರ್ ಮೊದಲ ವಾರದೊಳಗೆ ದಸರಾ ಬಂದರೆ ಸಮುಯಿ ನೋಡಬಹುದು. ತಡವಾಗಿ ಬಂದರೆ ನಾನಾದರೆ ಆ ದುಡ್ಡು ಡಿಸೆಂಬರ್‌ಗೆ ಎತ್ತಿಡುತ್ತೇನೆ.

ಮಳೆ ಬಂದರೆ ಬರಲಿ, ಹೋಟೆಲ್ ಕಡಿಮೆಗೆ ಸಿಗುತ್ತದಲ್ವಾ ಅನ್ನುವವರಿದ್ದಾರೆ. ಸಿಗುತ್ತದೆ, ನಿಜ. ಜೂನ್‌ನಿಂದ ಸೆಪ್ಟೆಂಬರ್ ತನಕ ಫುಕೆಟ್ ಪ್ಯಾಕೇಜ್‌ಗಳು ಅಗ್ಗ, ಮಳೆಯೂ ಹೆಚ್ಚಿನ ದಿನ ಒಂದೆರಡು ಗಂಟೆ ಸುರಿದು ನಿಲ್ಲುತ್ತದೆ. ತೊಂದರೆ ಮಳೆಯದ್ದಲ್ಲ, ಅಲೆಯದ್ದು. ಜೂನ್‌ನಲ್ಲಿ ಮಲ್ಪೆಯ ಸಮುದ್ರ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಟಾ, ಕರೋನ್ ಬೀಚ್‌ಗಳಲ್ಲಿ ಕೆಂಪು ಬಾವುಟ ನೆಟ್ಟಿರುತ್ತಾರೆ, ಕೆಳಗಿನ ಸೆಳೆತಕ್ಕೆ ಸಿಕ್ಕಿ ಪ್ರತಿ ವರ್ಷ ಪ್ರವಾಸಿಗರು ಸಾಯುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ ದಡದಲ್ಲಿ ಕೂರಿಸಿ "ನೀರಿಗೆ ಇಳಿಯಬೇಡ" ಅನ್ನುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು? ಅದೇ ಅಂಡಮಾನ್ ಸಮುದ್ರದ ಸಿಮಿಲನ್ ದ್ವೀಪಗಳಂತೂ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿಯೇ ಇರುತ್ತವೆ. ಫಿ ಫಿ ದ್ವೀಪಗಳಲ್ಲೊಂದಾದ ಫಿ ಫಿ ಲೇಯಲ್ಲಿರುವ ಮಾಯಾ ಬೇ ಎಂಬ ಸಣ್ಣ ಕೊಲ್ಲಿ ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳು ಬಂದ್.

ಸರಿ, ತಿಂಗಳು ನಿಕ್ಕಿ ಆಯಿತು ಅಂದುಕೊಳ್ಳೋಣ.

ಮೊದಲ ಸಲ ಹೋಗುವವರಿಗೆ, ಹಿರಿಯರು ಜೊತೆಗಿದ್ದವರಿಗೆ ಫುಕೆಟ್ ಸುಲಭ. ಬೆಂಗಳೂರಿನಿಂದ ನೇರ ವಿಮಾನ ಇದೆ. ಆಸ್ಪತ್ರೆ, ಔಷಧಿ ಅಂಗಡಿ, ಮಾಲ್, ಭಾರತೀಯ ಊಟ ಯಾವುದಕ್ಕೂ ಕೊರತೆ ಇಲ್ಲ. ಫುಕೆಟ್ ದೊಡ್ಡ ದ್ವೀಪ, ದೇಶದಲ್ಲೇ ದೊಡ್ಡದು, ಸೇತುವೆಯಿಂದ ನೆಲಕ್ಕೆ ಸೇರಿಕೊಂಡಿದೆ. ಹಾಗಾಗಿ ಎಲ್ಲಿ ಉಳಿಯುತ್ತೀರಿ ಅನ್ನುವುದರ ಮೇಲೆ ರಜೆ ನಿಂತಿದೆ. ಪಟಾಂಗ್‌ನಲ್ಲಿ ಉಳಿದರೆ ರಾತ್ರಿ ಎರಡು ಗಂಟೆಗೂ ಸಂಗೀತ ಕೇಳುತ್ತದೆ. ಮಕ್ಕಳು, ಅಜ್ಜಿ ಇರುವ ಮನೆಯವರಿಗೆ ಅದು ಬೇಡವೇ ಬೇಡ. ಕಾಟಾ ನಮಗೆ ಹಿಡಿಸಿತು. ಬೀಚ್ ಅಗಲ, ಮರಳು ನುಣುಪು, ಸಂಜೆ ಅಮ್ಮ ಆರಾಮವಾಗಿ ದಡದಲ್ಲಿ ನಡೆದಾಡುತ್ತಿದ್ದರು. ಫುಕೆಟ್ ಹಳೇ ಪಟ್ಟಣವನ್ನು ಮಾತ್ರ ಬಿಡಬೇಡಿ. ತವರದ ಗಣಿ ಕಾಲದಲ್ಲಿ ಶ್ರೀಮಂತರಾದ ಚೀನೀ ಮನೆತನಗಳು ಕಟ್ಟಿದ ಬಣ್ಣ ಬಣ್ಣದ ಮನೆಗಳ ಸಾಲು, ಭಾನುವಾರ ಸಂಜೆ ಥಲಾಂಗ್ ರಸ್ತೆಯ ಸಂತೆ. ಬೀಚ್‌ಗಿಂತ ಅದೇ ಹೆಚ್ಚು ನೆನಪಲ್ಲಿ ಉಳಿದಿದೆ.

ಫುಕೆಟ್‌ನಲ್ಲಿ ನನಗೆ ಸಿಟ್ಟು ಬಂದದ್ದು ಟ್ಯಾಕ್ಸಿ ವಿಷಯಕ್ಕೆ. ನಡೆಯಬಹುದಾದಷ್ಟು ದೂರಕ್ಕೂ ಬಾಯಿಗೆ ಬಂದ ದರ ಹೇಳುತ್ತಾರೆ, ಚೌಕಾಸಿಗೆ ಬಗ್ಗುವುದಿಲ್ಲ. ಟ್ಯಾಕ್ಸಿ ಕರೆಸುವ ಗ್ರಾಬ್ ಅಥವಾ ಬೋಲ್ಟ್ ಆ್ಯಪ್ ಇಟ್ಟುಕೊಳ್ಳಿ. ವಿಮಾನ ನಿಲ್ದಾಣದಿಂದ ಪಶ್ಚಿಮದ ಬೀಚ್‌ಗಳನ್ನು ಹಾದುಹೋಗುವ ಸ್ಮಾರ್ಟ್ ಬಸ್ ಇದೆ, ನಾವು ಹತ್ತಿದಾಗ ತಲೆಗೆ 100 ಬಾತ್. ಒಂದು ಬಾತ್ ಅಂದರೆ ಎರಡೂವರೆ ರೂಪಾಯಿಗಿಂತ ಜಾಸ್ತಿ ಅಂತ ಲೆಕ್ಕ ಇಟ್ಟುಕೊಳ್ಳಿ.

ಸಮುದ್ರಕ್ಕಾಗಿಯೇ ಹೋಗುವವರಾದರೆ ಕ್ರಾಬಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ನೀರಿನಿಂದ ನೆಟ್ಟಗೆ ಎದ್ದು ನಿಂತ ಸುಣ್ಣಕಲ್ಲಿನ ಬಂಡೆಗಳು, ಅವುಗಳ ಬುಡದಲ್ಲಿ ಹಸಿರು ನೀರು. ಫೋಟೋದಲ್ಲಿ ನೋಡಿದ್ದು ಏನೂ ಅಲ್ಲ. ಕ್ರಾಬಿಯ ಬೀಚ್ ಊರು ಆವೊ ನಾಂಗ್‌ನಲ್ಲಿ ಉಳಿದು ಅಲ್ಲಿಂದ ಉದ್ದ ಬಾಲದ ದೋಣಿಯಲ್ಲಿ ರೈಲೇ ಅನ್ನುವ ಬೀಚ್‌ಗೆ ಹೋಗಬೇಕು. ರೈಲೇ ದ್ವೀಪವಲ್ಲ, ನೆಲಕ್ಕೇ ಅಂಟಿಕೊಂಡಿದೆ, ಆದರೆ ಸುತ್ತ ಬಂಡೆಗಳ ಗೋಡೆ ಇರುವುದರಿಂದ ರಸ್ತೆ ಇಲ್ಲ, ದೋಣಿ ಒಂದೇ ದಾರಿ. ಅದೇ ಅದರ ಪುಣ್ಯ, ಒಂದು ಕಾರಿನ ಹಾರ್ನ್ ಕೇಳುವುದಿಲ್ಲ. ಅಲ್ಲಿಂದ ಸ್ವಲ್ಪ ನಡೆದರೆ ಫ್ರಾ ನಾಂಗ್ ಬೀಚ್, ಗುಹೆಯಲ್ಲಿ ಮೀನುಗಾರರು ಪೂಜಿಸುವ ದೇವತೆ. ಬೆಳಿಗ್ಗೆ ಎಂಟರೊಳಗೆ ಅಲ್ಲಿದ್ದರೆ ಬೀಚ್ ಪೂರ್ತಿ ನಿಮ್ಮದು, ಹತ್ತು ಗಂಟೆಗೆ ಟೂರ್ ದೋಣಿಗಳು ಸಾಲುಗಟ್ಟಿ ಬರುತ್ತವೆ.

ಆದರೆ ಅಮ್ಮನಿಗೆ ಕ್ರಾಬಿ ಕಷ್ಟವಾಯಿತು. ಹೆಚ್ಚಿನ ಕಡೆ ದೋಣಿ ಹತ್ತಲು ಮೊಣಕಾಲು ನೀರಿಗೆ ಇಳಿದು ಸಣ್ಣ ಏಣಿ ಏರಬೇಕು. ಇಳಿತದ ಹೊತ್ತಿನಲ್ಲಿ ದೋಣಿ ದೂರದಲ್ಲೇ ನಿಲ್ಲುತ್ತದೆ, ಕೆಸರು ಮರಳಲ್ಲಿ ಚೀಲ ಹೊತ್ತು ನಡೆಯಬೇಕು. ರೈಲೇಯ ಪೂರ್ವದ ದಡ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ನೀರು ಇಳಿದಾಗ ಬರೀ ಕೆಸರು, ಈಜಲಿಕ್ಕೆ ಪಶ್ಚಿಮದ ದಡಕ್ಕೇ ಹೋಗಬೇಕು. ಹೊರಡುವ ಮುಂಚೆ ಆ ದಿನದ ಭರತ ಇಳಿತದ ಸಮಯ ನೋಡಿಕೊಂಡರೆ ಅರ್ಧ ಕಷ್ಟ ತಪ್ಪುತ್ತದೆ. ಹುಲಿ ಗುಹೆ ದೇವಸ್ಥಾನದ ಮೇಲಿನ ಬುದ್ಧನನ್ನು ನೋಡಲು ಸಾವಿರದ ಇನ್ನೂರಕ್ಕೂ ಹೆಚ್ಚು ಮೆಟ್ಟಿಲು, ತುಂಬಾ ಕಡಿದು. ಅದನ್ನೂ ಕಾಲು ಗಟ್ಟಿ ಇದ್ದವರಿಗೇ ಬಿಡಿ.

ಫಿ ಫಿ ದ್ವೀಪಕ್ಕೆ ಫುಕೆಟ್‌ನಿಂದಲೂ ಹೋಗಬಹುದು, ಕ್ರಾಬಿಯಿಂದಲೂ ಹೋಗಬಹುದು. ಎರಡರಲ್ಲಿ ಆವೊ ನಾಂಗ್‌ನಿಂದ ಹೋಗಿದ್ದೇ ನಮಗೆ ಆರಾಮ ಅನಿಸಿತು. ಮಾಯಾ ಬೇ ಜನ ಮುಗಿಬಿದ್ದು ಹಾಳಾಗಿ 2018ರಲ್ಲಿ ಮುಚ್ಚಿದ್ದರು, 2022ರ ಜನವರಿಯಲ್ಲಿ ತೆರೆದರು. ಈಗ ದೋಣಿ ದ್ವೀಪದ ಹಿಂಬದಿಯಲ್ಲಿ ನಿಲ್ಲುತ್ತದೆ, ನೀರಲ್ಲಿ ಈಜುವ ಹಾಗಿಲ್ಲ. ಈಜಲು ಬಿಡದಿದ್ದರೆ ಯಾಕೆ ಹೋಗಬೇಕು ಅಂತ ಬೇಸರ ಮಾಡಿಕೊಳ್ಳುವವರನ್ನು ಅಲ್ಲೇ ನೋಡಿದೆ. ನನಗೆ ಆ ನಿಯಮ ತುಂಬಾ ಸರಿ ಅನಿಸಿತು. ಹವಳ ಮತ್ತೆ ಬೆಳೆಯುತ್ತಿದೆ, ದಡದ ಹತ್ತಿರವೇ ಸಣ್ಣ ಶಾರ್ಕ್‌ಗಳು ಓಡಾಡುತ್ತವೆ. ಮಾಯಾ ಬೇ ಇರುವ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ ವಿದೇಶಿ ದೊಡ್ಡವರಿಗೆ 400 ಬಾತ್, ಟೂರ್ ದರದಲ್ಲಿ ಅದು ಸೇರಿದೆಯಾ ಅಂತ ದುಡ್ಡು ಕೊಡುವ ಮೊದಲೇ ಕೇಳಿ.

ಸಮುಯಿ ತಲುಪುವುದೇ ಸ್ವಲ್ಪ ತಲೆನೋವು. ಅಲ್ಲಿನ ವಿಮಾನ ನಿಲ್ದಾಣ ಖಾಸಗಿ, ಟಿಕೆಟ್ ದುಬಾರಿ. ಬ್ಯಾಂಕಾಕ್‌ನಿಂದ ಸೂರತ್ ಥಾನಿಗೆ ಅಗ್ಗದ ವಿಮಾನ ಅಥವಾ ರಾತ್ರಿ ರೈಲು, ಅಲ್ಲಿಂದ ಬಸ್‌ನಲ್ಲಿ ಡೊನ್ಸಾಕ್ ಬಂದರು, ಆಮೇಲೆ ಸುಮಾರು ಒಂದೂವರೆ ಗಂಟೆ ಫೆರಿ. ನಾವು ರೈಲು ಹಿಡಿದೆವು. ಮಲಗುವ ಸೀಟನ್ನು ಅವರೇ ಬಂದು ಹಾಸಿ ಕೊಡುತ್ತಾರೆ, ಮಗಳಿಗೆ ಪ್ರವಾಸದಲ್ಲೆಲ್ಲ ಹೆಚ್ಚು ಖುಷಿ ಕೊಟ್ಟದ್ದು ಅದೇ. ಒಮ್ಮೆ ತಲುಪಿದ ಮೇಲೆ ಸಮುಯಿ ಎಲ್ಲಕ್ಕಿಂತ ನೆಮ್ಮದಿ. ದ್ವೀಪ ಸುತ್ತುವ ರಸ್ತೆ 50 ಕಿಲೋಮೀಟರ್ ಆಸುಪಾಸು, ಎರಡೂ ಕಡೆ ತೆಂಗಿನ ತೋಟ. ಅಮ್ಮ "ನಮ್ಮೂರ ಕಡೆ ಬಂದ ಹಾಗಿದೆ" ಅನ್ನುತ್ತಿದ್ದರು. ಉಳಿಯುವ ಬೀಚ್‌ಗಳಲ್ಲಿ ಚವೆಂಗ್ ಗಿಜಿಗಿಜಿ, ಬೋಫುಟ್ ಶಾಂತ. ಆಂಗ್ ಥಾಂಗ್ ಸಾಗರ ಉದ್ಯಾನದ 42 ದ್ವೀಪಗಳಿಗೆ ಒಂದು ದಿನದ ದೋಣಿ ಪ್ರವಾಸ ಇದೆ, ಅದು ಚೆನ್ನ. ಆದರೆ ಕ್ರಾಬಿಯ ಬಂಡೆಗಳನ್ನು ನೋಡಿ ಬಂದ ಕಣ್ಣಿಗೆ ಸಮುಯಿಯ ಬೀಚ್ ಸಾಧಾರಣ ಅನ್ನಿಸುತ್ತದೆ. ಬೀಚ್‌ಗಳಲ್ಲಿ ಕಂಬಕ್ಕೆ ವಿನೆಗರ್ ಬಾಟಲಿ ಇಟ್ಟಿರುತ್ತಾರೆ, ಅದು ಬಾಕ್ಸ್ ಜೆಲ್ಲಿಫಿಶ್ ಅನ್ನುವ ವಿಷದ ಅಂಬಲಿ ಮೀನು ಕುಟುಕಿದರೆ ತಕ್ಷಣ ಸುರಿಯಲು. ಎಲ್ಲಿದೆ ಅಂತ ನೀರಿಗೆ ಇಳಿಯುವ ಮೊದಲು ನೋಡಿಟ್ಟುಕೊಳ್ಳಿ. ಮಕ್ಕಳಿಗೆ ಮೈ ಮುಚ್ಚುವ ಈಜುಡುಗೆ ಹಾಕಿ.

ಊಟದಲ್ಲಿ ಫುಕೆಟ್ ಗೆಲ್ಲುತ್ತದೆ, ಅದೂ ಸಸ್ಯಾಹಾರಿಗಳಿಗೆ. ಥಾಯ್ ಅಡುಗೆಯಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ, ಕರಿ ಮಸಾಲೆಯಲ್ಲಿ ಸಿಗಡಿ ಅರೆದಿರುತ್ತದೆ, ಪಪ್ಪಾಯಿ ಕೋಸಂಬರಿಯಂಥ ಸೋಮ್ ತಾಮ್‌ನಲ್ಲೂ ಒಣ ಸಿಗಡಿ. "ನೋ ಮೀಟ್" ಅಂದರೆ ಸಾಲದು. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ "ಜೇ" ಅಂಗಡಿ ಹುಡುಕಿ. ಅಲ್ಲಿ ಮಾಂಸ, ಮೀನು, ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಚೀನೀ ಮೂಲದವರು ಜಾಸ್ತಿ ಇರುವ ಫುಕೆಟ್ ಪಟ್ಟಣದಲ್ಲಿ ಅಂಥವು ಸುಲಭವಾಗಿ ಸಿಗುತ್ತವೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಅಲ್ಲಿ ಸಸ್ಯಾಹಾರ ಹಬ್ಬವೇ ನಡೆಯುತ್ತದೆ. ಅಮ್ಮ ಭಾರತೀಯ ಹೋಟೆಲ್‌ನ ಎಣ್ಣೆ ತುಂಬಿದ ಪನೀರ್‌ಗಿಂತ ಜೇ ಅಂಗಡಿಯ ಅನ್ನ, ತೋಫು, ಸೊಪ್ಪು ಮೆಚ್ಚಿದರು. ಕ್ರಾಬಿ, ಸಮುಯಿಯಲ್ಲಿ ಹುಡುಕಬೇಕಾಗುತ್ತದೆ. ಅವಲಕ್ಕಿ, ಚಟ್ನಿಪುಡಿ ಜೊತೆಗಿರಲಿ.

ಸ್ಕೂಟರ್ ಮೂರೂ ಕಡೆ ಬಾಡಿಗೆಗೆ ಸಿಗುತ್ತದೆ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಲ್ಲದೆ ಓಡಿಸಿ ಬಿದ್ದರೆ ವಿಮೆ ಕೈಬಿಡುತ್ತದೆ, ಊರಲ್ಲೇ ಆರ್‌ಟಿಒದಿಂದ ಮಾಡಿಸಿಕೊಂಡು ಹೋಗಿ. ಸ್ಕೂಟರ್‌ಗೆ ಠೇವಣಿಯಾಗಿ ಪಾಸ್‌ಪೋರ್ಟ್ ಕೊಡಬೇಡಿ, ನಗದು ಕೊಡಿ. ವಿದೇಶಿ ಕಾರ್ಡ್‌ಗೆ ಎಟಿಎಂ ಪ್ರತಿ ಸಲ 220 ಬಾತ್ ಆಸುಪಾಸು ಹಿಡಿಯುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪ ತೆಗೆಯುವ ಬದಲು ಒಟ್ಟಿಗೆ ತೆಗೆಯುವುದು ಲಾಭ. ಥಾಯ್ಲೆಂಡ್‌ಗೆ ಬರುವವರು ಮೊದಲೇ ಆನ್‌ಲೈನ್‌ನಲ್ಲಿ ತುಂಬುವ ಡಿಜಿಟಲ್ ಆಗಮನ ಕಾರ್ಡ್ 2025ರ ಮೇನಿಂದ ಕಡ್ಡಾಯ. ಸರ್ಕಾರಿ ತಾಣದಲ್ಲಿ ಉಚಿತ, ದುಡ್ಡು ಕೇಳುವ ತಾಣ ಬೇರೆಯವರದ್ದು.

ಒಂದೇ ವಾರದಲ್ಲಿ ಎರಡೂ ಸಮುದ್ರ ನೋಡಿ ಬರುತ್ತೇವೆ ಅನ್ನುವವರಿಗೆ ನನ್ನ ಸಲಹೆ, ಬೇಡ. ಆವೊ ನಾಂಗ್‌ನಿಂದ ಸಮುಯಿಗೆ ವ್ಯಾನ್, ಬಸ್, ಫೆರಿ ಎಲ್ಲ ಸೇರಿ ಇಡೀ ಹಗಲು ಹೋಗುತ್ತದೆ. ಅಷ್ಟು ಹೊತ್ತಿನಲ್ಲಿ ಫುಕೆಟ್ ಮತ್ತು ಕ್ರಾಬಿ ಆರಾಮವಾಗಿ ಜೋಡಿಸಬಹುದು, ನಡುವೆ ರಸ್ತೆಯಲ್ಲಿ ಮೂರು ಗಂಟೆ ಅಷ್ಟೇ. ಡಿಸೆಂಬರ್ ಆದರೆ ಮೊದಲು ಫುಕೆಟ್, ಆಮೇಲೆ ಫೆರಿ ಹಿಡಿದು ಫಿ ಫಿ, ಅಲ್ಲಿಂದ ಕ್ರಾಬಿಗೆ ಇಳಿದು ವಾಪಸ್ ವಿಮಾನ ಕ್ರಾಬಿಯಿಂದಲೇ ಮಾಡಿಸಿ. ಬಂದ ದಾರಿಯಲ್ಲಿ ಮತ್ತೆ ಹೋಗುವ ಒಂದು ದಿನ ಉಳಿಯುತ್ತದೆ, ಆ ದಿನವನ್ನು ರೈಲೇಗೆ ಕೊಡಿ.