ದಾವಣಗೆರೆಯ ಸಂಜೆ ಬೈಬಲ್ ತರಗತಿ: ವಿಗ್ರಹಾರಾಧನೆ ಮತ್ತು ಗರ್ವ

ವಿಷಯವನ್ನು ಕಲ್ಲು, ಲೋಹದ ವಿಗ್ರಹಕ್ಕಷ್ಟೇ ಕಟ್ಟಿಹಾಕದಿರುವುದು ಈ ತರಗತಿಯ ದೊಡ್ಡ ಗುಣ. ವಿಮೋಚನಕಾಂಡ 32ರಲ್ಲಿ ಇಸ್ರಾಯೇಲರು ಪೂಜಿಸಿದ ಚಿನ್ನದ ಕರುವಿನಿಂದ ಶುರುವಾಗಿ, ದುರಾಶೆಯೂ ವಿಗ್ರಹಾರಾಧನೆಯೇ ಎನ್ನುವ ಕೊಲೊಸ್ಸೆ 3:5ಕ್ಕೆ ಬೇಗ ಬರುತ್ತಾರೆ.

ಹಿಜ್ಕೀಯನ ಪಾಠವಂತೂ ಬಲು ಚೆನ್ನ. ಇಸ್ರಾಯೇಲರ ನಾಯಕ ಮೋಶೆ ಹಿಂದೆ ಮಾಡಿಸಿದ್ದ ತಾಮ್ರದ ಸರ್ಪಕ್ಕೆ ಜನ ಧೂಪ ಹಾಕುತ್ತಿದ್ದರೆಂದು ಅದನ್ನು ಚೂರು ಮಾಡಿಸಿದ ಅರಸ ಅವನು (2 ಅರಸುಗಳು 18:4). ಕಾಯಿಲೆ ವಾಸಿಯಾದ ಮೇಲೆ ಅವನೇ ಗರ್ವದಿಂದ ಉಬ್ಬಿದ. ಬಾಬೆಲಿನ ದೂತರಿಗೆ ಭಂಡಾರವನ್ನೆಲ್ಲ ತೆರೆದು ತೋರಿಸಿದ. 2 ಪೂರ್ವಕಾಲವೃತ್ತಾಂತ 32:25ನ್ನು ಇದರ ಜೊತೆಗಿಟ್ಟು ಓದಿಸುವುದರಿಂದ, ವಿಗ್ರಹ ಒಡೆದವನೊಳಗೂ ಅಹಂಕಾರ ಉಳಿದೀತು ಎಂಬುದು ಮನಸ್ಸಿಗೆ ನಾಟುತ್ತದೆ. ನೆರೆಯವರ ದೇವರನ್ನು ಹಳಿಯುವ ಮಾತೂ ಇಲ್ಲ, ಅದು ಬಹಳ ಮುಖ್ಯ.

ಕೊರತೆಯೂ ಇದೆ. ಹತ್ತು ಆಜ್ಞೆಗಳಲ್ಲಿ ವಿಗ್ರಹ ಬೇಡವೆನ್ನುವುದನ್ನು ‘ಎರಡನೆಯ ಆಜ್ಞೆ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತಾರೆ. ಕ್ಯಾಥೊಲಿಕರು, ಲುಥೆರನ್ನರು ವಿಗ್ರಹದ ಮಾತನ್ನು ಮೊದಲನೆಯ ಆಜ್ಞೆಯಲ್ಲೇ ಸೇರಿಸಿ ಎಣಿಸುತ್ತಾರೆ, ಹಾಗಾಗಿ ಗೊಂದಲ. ವಿಮೋಚನಕಾಂಡ 20:3-6 ಎಂದು ವಚನದ ಸಂಖ್ಯೆ ಕೊಟ್ಟರೆ ತಕರಾರಿಲ್ಲ. ಗರ್ವದ ಪಾಠಕ್ಕೆ ತಕ್ಕದ್ದಾದ, ತಾನೇ ನೀತಿವಂತನೆಂದು ಬೀಗುವ ಫರಿಸಾಯ (ಯೆಹೂದ್ಯರ ಕಟ್ಟುನಿಟ್ಟಿನ ಧಾರ್ಮಿಕ ಪಂಗಡದವನು) ಮತ್ತು ತಗ್ಗಿ ಬೇಡುವ ಸುಂಕದವನ ಪ್ರಾರ್ಥನೆಯನ್ನು (ಲೂಕ 18:9-14) ಬಿಟ್ಟಿರುವುದಂತೂ ಸರಿಯಲ್ಲ.

ಹೋಗುವವರು ಪೂರ್ಣ ಬೈಬಲನ್ನೇ ಒಯ್ಯಿರಿ; ಹೆಚ್ಚಿನ ಪಾಠ ಹಳೆಯ ಒಡಂಬಡಿಕೆಯದು, ಬರೀ ಹೊಸ ಒಡಂಬಡಿಕೆ ಸಾಲದು.