ಫ್ಯಾಮಿಲಿಸರ್ಚ್: ವಸಾಹತು ಕಾಲದ ಅಮೆರಿಕದ ಹೆಣ್ಣಿನ ತವರು ಹುಡುಕುವವರಿಗೆ

ವಸಾಹತು ಕಾಲದ ಅಮೆರಿಕದಲ್ಲಿ ಬಾಳಿದ ಹೆಣ್ಣೊಬ್ಬಳ ವಂಶವನ್ನು ಹುಡುಕುವವರಿಗೆ ಮೊದಲು ಎದುರಾಗುವ ತೊಡಕು ಮದುವೆ. ಅಂದಿನಿಂದ ಆಕೆ ಕಾಗದಪತ್ರಗಳಲ್ಲಿ ಗಂಡನ ಮನೆತನದ ಹೆಸರಿನಲ್ಲೇ ಕಾಣಿಸಿಕೊಳ್ಳುವುದರಿಂದ ತವರಿನ ಜಾಡು ಕಡಿದುಹೋಗುತ್ತದೆ. ಆ ಜಾಡನ್ನು ಮತ್ತೆ ಹಿಡಿಯಲು ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಜಾಲತಾಣ ಎಷ್ಟು ನೆರವಾಗುತ್ತದೆ ಎಂಬುದನ್ನಷ್ಟೇ ಇಲ್ಲಿ ಪರಿಶೀಲಿಸಿದ್ದೇನೆ. 1894ರಲ್ಲಿ ಯೂಟಾದಲ್ಲಿ ಆರಂಭವಾದ ವಂಶಾವಳಿ ಸಂಘದಿಂದ ಬೆಳೆದು ಬಂದ ಈ ಸೇವೆಯನ್ನು ಮಾರ್ಮನ್ ಚರ್ಚ್ ನಡೆಸುತ್ತಿದ್ದು, ಖಾತೆ ತೆರೆದ ಯಾರಿಗೂ ಶುಲ್ಕವಿಲ್ಲ.

ಇಲ್ಲಿನ ವಂಶವೃಕ್ಷ ಎಲ್ಲರಿಗೂ ಸೇರಿದ ಒಂದೇ ವೃಕ್ಷ. ಯಾರು ಬೇಕಾದರೂ ಹೆಸರು ಸೇರಿಸಬಹುದು, ತಿದ್ದಬಹುದು. 1637ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ವಿಚಾರಣೆಗೆ ಗುರಿಯಾಗಿ ಗಡೀಪಾರಿನ ಶಿಕ್ಷೆ ಪಡೆದ ಆನ್ ಹಚಿನ್ಸನ್ ಅವರಂಥವರ ವಿಷಯದಲ್ಲಿ ಇದರಿಂದ ಹೆಚ್ಚು ಅಪಾಯವಿಲ್ಲ. ಇಂಗ್ಲೆಂಡಿನ ಲಿಂಕನ್‌ಶೈರ್‌ನ ಆಲ್ಫರ್ಡ್‌ನಲ್ಲಿ 1591ರ ಜುಲೈ 20ರಂದು ಅವರಿಗೆ ದೀಕ್ಷಾಸ್ನಾನವಾದದ್ದು, ತಂದೆ ಪಾದ್ರಿ ಫ್ರಾನ್ಸಿಸ್ ಮಾರ್ಬರಿ, ತಾಯಿ ಬ್ರಿಜೆಟ್ ಡ್ರೈಡನ್ ಎಂಬುದು, 1612ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಹಚಿನ್ಸನ್ ಅವರೊಡನೆ ಮದುವೆಯಾದದ್ದು, ಇವೆಲ್ಲ ವಿದ್ವಾಂಸರು ಬಹಳ ಹಿಂದೆಯೇ ಪರಿಶೀಲಿಸಿದ ಸಂಗತಿಗಳು. ಆದರೆ ದಾಖಲೆಯಲ್ಲಿ ಬರಿಯ 'ಮೇರಿ' ಎಂದಷ್ಟೇ ಉಳಿದಿರುವ ರೈತನ ಹೆಂಡತಿಗೆ ಈ ವೃಕ್ಷದಲ್ಲಿ ಯಾರಾದರೂ ತಂದೆತಾಯಿಯನ್ನು ಜೋಡಿಸಿದ್ದರೆ, ಆಧಾರವಾಗಿ ಯಾವ ಮೂಲಪತ್ರವನ್ನು ಲಗತ್ತಿಸಿದ್ದಾರೆಂದು ನೋಡದೆ ನಂಬಲಾಗದು. ಹೆಸರಾಂತ ಮನೆತನಕ್ಕೆ ನಂಟು ಕಲ್ಪಿಸುವ ಆಸೆ ವಂಶಾವಳಿ ಬರೆಯುವವರಲ್ಲಿ ಬಲವಾಗಿಯೇ ಇರುತ್ತದೆ.

ಈ ಸೇವೆಯ ನಿಜವಾದ ಸಂಪತ್ತು ಇರುವುದು ಮೂಲಪತ್ರಗಳ ಚಿತ್ರಗಳಲ್ಲಿ. ಮ್ಯಾಸಚೂಸೆಟ್ಸ್‌ನ ಭೂದಾಖಲೆಗಳು ಮತ್ತು ಉಯಿಲುಗಳು ಇಲ್ಲಿ ಅಪಾರವಾಗಿವೆ. ಹೆಣ್ಣಿನ ತವರು ಬಯಲಾಗುವುದು ಹೆಚ್ಚಾಗಿ ಇಂಥ ಕಡೆಯೇ. ತಂದೆ ಉಯಿಲಿನಲ್ಲಿ ಮಗಳನ್ನು ಅಳಿಯನ ಮನೆತನದ ಹೆಸರಿನೊಂದಿಗೆ ಹೆಸರಿಸಿರುತ್ತಾನೆ. ಗಂಡ ಸತ್ತರೆ ಅವನ ಭೂಮಿಯ ಮೂರನೆಯ ಒಂದು ಭಾಗದ ಮೇಲೆ ಹೆಂಡತಿಗೆ ಜೀವಿತಾವಧಿಯ ಹಕ್ಕಿದ್ದುದರಿಂದ, ಗಂಡ ಜಮೀನು ಮಾರುವಾಗ ಆಕೆ ಆ ಹಕ್ಕು ಬಿಟ್ಟುಕೊಟ್ಟ ಮಾತು ಕ್ರಯಪತ್ರದಲ್ಲಿ ಬರುವುದುಂಟು. ತಂದೆಯ ಆಸ್ತಿಯನ್ನು ಅಕ್ಕತಂಗಿಯರು ಒಟ್ಟಾಗಿ ಮಾರಿದ್ದರೆ ಒಂದೇ ಪತ್ರದಲ್ಲಿ ಇಡೀ ತವರೇ ಸಿಕ್ಕಿಬಿಡುತ್ತದೆ. ಮೊದಲು ಇವನ್ನು ಪುಟಪುಟವಾಗಿ ಓದಬೇಕಿತ್ತು. ಕೈಬರಹವನ್ನು ಯಂತ್ರವೇ ಓದಿ ಪತ್ರದೊಳಗಿನ ಪ್ರತಿ ಹೆಸರನ್ನೂ ಹುಡುಕಿಕೊಡುವ ಪೂರ್ಣಪಠ್ಯ ಶೋಧ ಬಂದ ಮೇಲೆ, ಸೂಚಿಯಲ್ಲಿ ಎಂದೂ ಸೇರದ ಹೆಂಗಸರೂ ಕಾಣಸಿಗುತ್ತಿದ್ದಾರೆ. ಈ ಒಂದು ಸೌಲಭ್ಯಕ್ಕಾಗಿಯೇ ನಾನು ಇದನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಯಂತ್ರದ ಓದು ಹಳೆಯ ಅಕ್ಷರಗಳಲ್ಲಿ ತಪ್ಪಬಹುದಾದ್ದರಿಂದ ಹೆಸರಿನ ಕಾಗುಣಿತವನ್ನು ಬದಲಿಸಿ ಹುಡುಕಬೇಕು, ಚಿತ್ರವನ್ನು ಕಣ್ಣಾರೆ ನೋಡಬೇಕು.

ತಾರೀಖುಗಳ ಬಗ್ಗೆಯೂ ಎಚ್ಚರ ಬೇಕು. 1752ಕ್ಕೆ ಮೊದಲು ಇಂಗ್ಲಿಷ್ ವಸಾಹತುಗಳಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿದ್ದುದರಿಂದ, ಫೆಬ್ರವರಿಯ ಒಂದು ಮದುವೆ ಒಂದೆಡೆ 1640 ಎಂದೂ ಇನ್ನೊಂದೆಡೆ 1641 ಎಂದೂ ಕಾಣಬಹುದು. ಕೆಲವು ಚಿತ್ರಗಳು ಸಂಸ್ಥೆಯ ಕೇಂದ್ರಗಳಲ್ಲಿ ಅಥವಾ ಅದರೊಂದಿಗೆ ಒಪ್ಪಂದವಿರುವ ಗ್ರಂಥಾಲಯಗಳಲ್ಲಿ ಮಾತ್ರ ತೆರೆಯುತ್ತವೆ; ಹೊರಡುವ ಮೊದಲು ಬೇಕಾದ ಸಂಪುಟದ ಚಿತ್ರಸಂಖ್ಯೆಯನ್ನು ಗುರುತು ಹಾಕಿಕೊಂಡರೆ ಅಲ್ಲಿ ಸಮಯ ಉಳಿಯುತ್ತದೆ.