ಟ್ರಯಲ್ ಅಂತ ಕರೆದು ದುಡ್ಡು ಕಟ್ಟಿಸಿಕೊಂಡರೆ ಅಲ್ಲಿಂದ ಎದ್ದು ಬನ್ನಿ

ಸ್ಟ್ರೋಕ್ ಆಗಿ ಕೈ ಸ್ವಾಧೀನ ತಪ್ಪಿದವರನ್ನು "ರೋಬೋಟ್ ಸಂಶೋಧನೆಗೆ ಸೇರಿಸ್ಕೋತೀವಿ" ಅಂತ ಯಾರಾದರೂ ಕರೆದರೆ ಇದನ್ನು ಓದಿ ಆಮೇಲೆ ಸಹಿ ಹಾಕಿ. ಫ್ಯೂಗಲ್-ಮೇಯರ್ ಅಂಕ (ಸ್ಟ್ರೋಕ್ ಆದವರ ಕೈ ಎಷ್ಟು ಆಡುತ್ತೆ ಅಂತ ಅಳೆಯುವ ಪರೀಕ್ಷೆಯದ್ದು) ಅಂದರೇನು, ಕಂಟ್ರೋಲ್ ಗ್ರೂಪ್ (ಹೋಲಿಸಿ ನೋಡೋಕೆ ಇಡುವ ಗುಂಪು) ಯಾಕೆ ಬೇಕು, ಎಲ್ಲ ಗೊತ್ತಿದ್ದ ನಾವೇ ಹಳ್ಳಕ್ಕೆ ಬಿದ್ದೆವು. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ.

ಟ್ರಯಲ್ ನಡೆಸಿದವರು ಹೆಮ್ಮೆಯಿಂದ ತೋರಿಸಿದ್ದು ಇಷ್ಟು: ನಮ್ಮ ರೋಗಿಯ ಫ್ಯೂಗಲ್-ಮೇಯರ್ ಅಂಕ 66ಕ್ಕೆ 19 ಇದ್ದದ್ದು ಆರು ವಾರದಲ್ಲಿ 34. ಹದಿನೈದು ಅಂಕ! ಐದಾರು ಅಂಕ ಏರಿದರೇ ದೊಡ್ಡದು ಅನ್ನೋ ಪರೀಕ್ಷೆ ಇದು. ಆದರೆ ಆ ಕೈ ಒಂದು ಲೋಟ ಹಿಡಿಯಲ್ಲ. ಯಾವ ಭಾಗಕ್ಕೆ ಎಷ್ಟು ಅಂಕ ಅನ್ನೋ ಹಾಳೆ ಕೊಡಿ ಅಂದರೆ "ಡೇಟಾ ಗೌಪ್ಯ ಸರ್" ಅಂದರು. ರೋಗಿಯ ಅಂಕ ರೋಗಿಗೇ ಗೌಪ್ಯವಂತೆ. ಮೂರನೇ ಸಲ ಜೋರು ಮಾಡಿದ ಮೇಲೆ ಕೊಟ್ಟರು.

ಭುಜ-ಮೊಣಕೈ: 36ಕ್ಕೆ 16 ಇದ್ದದ್ದು 29. ಮಣಿಕಟ್ಟು: 10ಕ್ಕೆ 2 ಇದ್ದದ್ದು 4. ಬೆರಳು: 14ಕ್ಕೆ ಮೊದಲೂ 1, ಕೊನೆಗೂ 1. ಉಳಿದ 6 ಅಂಕದ ಭಾಗದಲ್ಲಿ ಎರಡು ಸಲವೂ ಸೊನ್ನೆ. ಅಂದರೆ ಏರಿದ್ದೆಲ್ಲ ಹೆಚ್ಚುಕಡಿಮೆ ಭುಜದಲ್ಲೇ. ಆ ಹಾಳೆ ನೋಡಿದಾಗ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ಭುಜದ್ದಾದರೂ ನಿಜವೇ? ಮೊದಲ ಪರೀಕ್ಷೆ ಸ್ಟ್ರೋಕ್ ಆದ ಮೂರನೇ ವಾರದಲ್ಲಿ, ಸಂಜೆ, ಬೇರೆಲ್ಲ ಟೆಸ್ಟ್ ಮುಗಿದು ಸುಸ್ತಾಗಿದ್ದಾಗ, ಹಾಸಿಗೆ ಮೇಲೆ ಮಲಗಿಸಿ. ಕೊನೆಯದು ಬೆಳಗ್ಗೆ, ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ. ಒಂದೊಂದು ಚಲನೆಗೂ 0, 1 ಇಲ್ಲ 2. ಪೂರ್ತಿ ಆಗದೆ ಅಷ್ಟಿಷ್ಟು ಆಡಿದರೆ 1. ಆ ಅಷ್ಟಿಷ್ಟು ಎಷ್ಟು ಅನ್ನೋದರಲ್ಲಿ ಅಂಕ ಹಾಕುವವರ ಧಾರಾಳತನ ಸಲೀಸಾಗಿ ನುಸುಳುತ್ತೆ. ಹಾಕಿದವರು ಯಾರು? ರೋಬೋಟ್ ಮೆಷಿನ್ ನಡೆಸಿದ ಥೆರಪಿಸ್ಟೇ! ಯಾರಿಗೆ ಯಾವ ಚಿಕಿತ್ಸೆ ಆಗಿದೆ ಅಂತ ಗೊತ್ತಿಲ್ಲದವರು ಅಳೆಯಬೇಕಲ್ಲವಾ ಅಂದರೆ, "ಹೊಸಬರ ಮುಂದೆ ಪೇಷಂಟ್ ಹೆದರ್ತಾರೆ ಸರ್."

ಕಂಟ್ರೋಲ್ ಗ್ರೂಪ್ ಎಲ್ಲಿ? "ಅದು ಅನ್ಯಾಯ ಅಲ್ವಾ ಸರ್, ನಾವು ಎಲ್ಲರಿಗೂ ರೋಬೋಟೇ ಕೊಡ್ತೀವಿ." ಸ್ಟ್ರೋಕ್ ಆದ ಮೊದಲ ಮೂರು ತಿಂಗಳಲ್ಲಿ ಮೆದುಳು ತಾನಾಗೇ ಒಂದಿಷ್ಟು ಚೇತರಿಸಿಕೊಳ್ಳುತ್ತೆ. ಹೋಲಿಸೋಕೆ ಇನ್ನೊಂದು ಗುಂಪು ಇಲ್ಲದಿದ್ದರೆ ಆ ಏರಿಕೆಯನ್ನೆಲ್ಲ ಮೆಷಿನ್ನಿನ ಖಾತೆಗೆ ಬರೆದುಕೊಳ್ಳಬಹುದು. 770 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ರ‍್ಯಾಟಲ್ಸ್ ಟ್ರಯಲ್‌ನಲ್ಲಿ ಮಾಮೂಲಿ ಆರೈಕೆಯ ಗುಂಪೂ ಇತ್ತು. ಅದಕ್ಕೇ ರೋಬೋಟ್‌ನಿಂದ ಕೈ ಕೆಲಸ ಅವರಿಗಿಂತ ಹೆಚ್ಚೇನೂ ಸುಧಾರಿಸಲಿಲ್ಲ ಅಂತ ಗೊತ್ತಾಯಿತು.

ಇನ್ನು ಆ ಮೆಷಿನ್. 45 ನಿಮಿಷದ ಸಿಟ್ಟಿಂಗ್‌ನಲ್ಲಿ ಪಟ್ಟಿ ಕಟ್ಟಿ ಕೈ ಕೂರಿಸೋಕೇ 15 ನಿಮಿಷ. ಆಮೇಲೆ ಮೆಷಿನ್ನೇ ಕೈ ಎತ್ತುತ್ತೆ, ಇಳಿಸುತ್ತೆ, ಪರದೆ ಮೇಲೆ ನೂರು, ಇನ್ನೂರು ಅಂತ ಎಣಿಕೆ ಓಡುತ್ತೆ. ರೋಗಿ ಸುಮ್ಮನೆ ಕೂತಿದ್ದರೂ ಓಡುತ್ತೆ. ರೋಗಿಯ ಪ್ರಯತ್ನ ಹೆಚ್ಚಿದ ಹಾಗೆ ಮೆಷಿನ್ನಿನ ನೆರವು ತಗ್ಗಿಸುತ್ತಾ ಬರಬೇಕು, ಇಲ್ಲದಿದ್ದರೆ ಮೆದುಳು ಕಲಿಯೋದೇನು? ಮೆಷಿನ್ನಿನ ಲಾಗ್ (ದಾಖಲೆ) ತೆಗೆಸಿದರೆ 18 ಸಿಟ್ಟಿಂಗ್‌ನಲ್ಲೂ ನೆರವಿನ ಮಟ್ಟ ಒಂದೇ. "ಡೀಫಾಲ್ಟ್ ಸೆಟಿಂಗ್ ಸರ್."

ಇದಕ್ಕಿಂತ ಉರಿಯೋದು ಇನ್ನೊಂದು. "ಫಲಿತಾಂಶ ಕಲಬೆರಕೆ ಆಗುತ್ತೆ" ಅಂತ ಮಾಮೂಲಿ ಫಿಸಿಯೋ ನಿಲ್ಲಿಸಿದರು. ನಾವೂ ತಲೆ ಆಡಿಸಿದೆವು. ಮತ್ತೆ ಸಿಗದ ಆರು ವಾರ ಅದು. ಅಷ್ಟರಲ್ಲಿ ಬೆರಳು ಮಡಚಿಕೊಂಡು ಬಿಗಿಯಾದವು.

ರಿಜಿಸ್ಟ್ರೇಷನ್ ನಂಬರ್ ಕೇಳಿದರೆ "ಪ್ರೊಸೆಸ್‌ನಲ್ಲಿದೆ". ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಸಾರ್ವಜನಿಕ ದಾಖಲೆಯಲ್ಲಿ ನೋಂದಣಿ ಆಗಿರಬೇಕು ಅಂತ ವೈದ್ಯಕೀಯ ಸಂಶೋಧನೆಯ ನೀತಿ ಹೇಳುವ ಹೆಲ್ಸಿಂಕಿ ಘೋಷಣೆ 2008ರಿಂದಲೂ ಹೇಳುತ್ತಿದೆ. ನಂಬರ್ ಇಲ್ಲ ಅಂದರೆ ಅದು ಟ್ರಯಲ್ ಅಲ್ಲ, ವ್ಯಾಪಾರ. ಪ್ರಯೋಗದ ಚಿಕಿತ್ಸೆಗೆ ದುಡ್ಡು ಕೇಳಿದರೂ ವ್ಯಾಪಾರವೇ. ನಮ್ಮಿಂದ ಕಟ್ಟಿಸಿಕೊಂಡದ್ದಕ್ಕೆ "ಸಹಭಾಗಿತ್ವ ಶುಲ್ಕ" ಅಂತ ಹೆಸರಿಟ್ಟಿದ್ದರು! ಸಮ್ಮತಿ ಪತ್ರದ ಪ್ರತಿ ಕೈಗೆ ಬರುವ ತನಕ, ಎಥಿಕ್ಸ್ ಕಮಿಟಿಯ (ಪ್ರಯೋಗದಲ್ಲಿ ರೋಗಿಗಳ ಹಿತ ಕಾಯುವ ಸಮಿತಿಯ) ಫೋನ್ ನಂಬರ್ ಅದರಲ್ಲಿ ಕಾಣುವ ತನಕ ಒಂದು ದಿನವೂ ಹೋಗಬೇಡಿ. ಫಿಸಿಯೋ ಬಿಡಿ ಅಂದರೆ ಟ್ರಯಲ್ಲೇ ಬಿಡಿ.

ನಿನ್ನೆ ಅವರದೇ ಫೋನ್: "ಭುಜ ಎತ್ತೋದು ಒಂದು ವಿಡಿಯೋ ಮಾಡಿ ಕಳಿಸ್ತೀರಾ ಸರ್?" ಬೆರಳಿನದ್ದು ಕಳಿಸಲಾ ಅಂದೆ. ಫೋನ್ ಇಟ್ಟರು.